ಹಾಲಪ್ಪನ ಸೊಂಟ, ಕೆಂಪನಂಜಮ್ಮನ ಮೊಣಕೈ

ನಮ್ಮೂರಿನಲ್ಲಿ ಯಾರಿಗೆ ಯಾರ ಮೇಲೆ ತಕರಾರಿದ್ದರೂ ಅದು ಗಾಲ್ಫ್ ಮೈದಾನಕ್ಕೆ ಹೋಗಿಯೇ ಮುಗಿಯಬೇಕು. ಒಂಬತ್ತು ಕುಳಿ. ಯಾರು ಕಡಿಮೆ ಏಟಿನಲ್ಲಿ ಚೆಂಡನ್ನು ಒಂಬತ್ತೂ ಕುಳಿಗೆ ಬೀಳಿಸುತ್ತಾರೋ ಅವರ ಮಾತು ನಡೆಯುತ್ತದೆ. ಪಕ್ಕದ ಮನೆಯ ಗೋಡೆ ಅರ್ಧ ಅಡಿ ಈಚೆಗೆ ಬಂತು ಅನ್ನುವವರು, ಮಗುವಿಗೆ ಯಾರ ಕಡೆಯ ಹೆಸರಿಡಬೇಕು ಅಂತ ಕಿತ್ತಾಡುವ ಬೀಗರು, ಎಲ್ಲರೂ ಕೋಲು ಹಿಡಿದು ಅಲ್ಲಿಗೇ ಬರಬೇಕು. ತಮ್ಮ ಬದಲಿಗೆ ಗಟ್ಟಿಮುಟ್ಟಾದ ತಮ್ಮನನ್ನೋ ಅಳಿಯನನ್ನೋ ಕಳಿಸುವ ಹಾಗಿಲ್ಲ. ಹೀಗಾಗಿ ನಮ್ಮಲ್ಲಿ ಗಾಲ್ಫ್ ಆಡುವವರು ಅಂದರೆ ದರ್ಜಿಗಳು, ಸೂಲಗಿತ್ತಿಯರು, ಸೊಪ್ಪು ಮಾರುವವರು, ಶಾಲೆ ಮೇಷ್ಟ್ರುಗಳು. ಊರಿನ ಅರ್ಧ ಜನಕ್ಕೆ ಸೊಂಟನೋವು, ಉಳಿದರ್ಧಕ್ಕೆ ಭುಜ.

ನನ್ನ ಹೆಸರು ವಾರಿಜ. ಆಟಕ್ಕೆ ಮುಂಚೆ ನಲವತ್ತು ದಿನ ಎರಡೂ ಕಡೆಯವರ ಮೈಯನ್ನು ಪಳಗಿಸಿ, ಕೊನೆಯ ದಿನ ಪರೀಕ್ಷೆ ಮಾಡಿ, ಇವರು ಆಡಬಹುದು ಅಂತ ರುಜು ಹಾಕುವುದು ನನ್ನ ಕೆಲಸ. ಮೈದಾನದ ಹಿಂದೆ ನನ್ನದೊಂದು ತಾಲೀಮು ಮನೆ ಇದೆ. ಹದಿನಾಲ್ಕು ವರ್ಷದಿಂದ ಅಲ್ಲಿ ಒಂದೇ ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಚೆಂಡು ದೂರ ಹೋಗಬೇಕಾದರೆ ಸೊಂಟವನ್ನು ತಿರುಚಬೇಡಿ, ತೊಡೆಯ ಕೀಲು ತಿರುಗಲಿ, ಬೆನ್ನಿನ ಮೇಲ್ಭಾಗ ತಿರುಗಲಿ. ಆಡುವ ಮುಂಚೆ ಹನ್ನೆರಡು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಕೋಲನ್ನು ಹಾವಿನ ಕತ್ತು ಹಿಡಿದ ಹಾಗೆ ಹಿಸುಕಬೇಡಿ. ಇಷ್ಟೇ. ಇದಕ್ಕೆ ಬರುವ ಉತ್ತರಗಳೂ ನನಗೆ ಬಾಯಿಪಾಠ. "ಮೇಡಂ, ದಿನಾ ಇಪ್ಪತ್ತು ಕೊಡ ನೀರು ಸೇದ್ತೀನಿ, ನನಗೆ ಬೇರೆ ವ್ಯಾಯಾಮ ಯಾಕೆ?" "ಮೇಡಂ, ಎಲ್ಲರೆದುರಿಗೆ ಕಾಲೆತ್ತೋದು ಹೇಗೆ, ನಮ್ಮ ಬೀಗರು ನೋಡ್ತಿರ್ತಾರೆ." ಎಲ್ಲರಿಗೂ ನನ್ನ ರುಜು ಬೇಕು, ತಾಲೀಮು ಯಾರಿಗೂ ಬೇಡ.

ಆ ವರ್ಷ ಮಳೆ ನಿಂತ ಮೇಲೆ ನನ್ನ ಬಾಗಿಲಿಗೆ ಬಂದದ್ದು ಬೇಕರಿ ಕೆಂಪನಂಜಮ್ಮ ಮತ್ತು ಇಸ್ತ್ರಿ ಅಂಗಡಿ ಹಾಲಪ್ಪ. ಆಕೆಗೆ ಐವತ್ನಾಲ್ಕು, ಆತನಿಗೆ ಐವತ್ತೆಂಟು. ಇಪ್ಪತ್ತೇಳು ವರ್ಷದಿಂದ ಅಕ್ಕಪಕ್ಕದ ಅಂಗಡಿ. ಅವಳ ಒಲೆಯ ಹೊಗೆಯ ಮಸಿ ಅವನು ಇಸ್ತ್ರಿ ಮಾಡಿಟ್ಟ ಬಿಳಿ ಪಂಚೆಗಳ ಮೇಲೆ ಕೂರುತ್ತದೆ ಅಂತ ಅವನ ದೂರು. ಅವನು ಇಸ್ತ್ರಿಪೆಟ್ಟಿಗೆ ಬೀಸಿದಾಗಲೆಲ್ಲ ಇದ್ದಿಲಿನ ಬೂದಿ ಹಾರಿ ತನ್ನ ಬನ್ನಿನ ಮೇಲೆ ಬೀಳುತ್ತದೆ ಅಂತ ಅವಳದ್ದು. ಒಂದು ತಗಡಿನ ಮರೆ ಕಟ್ಟಿಕೊಂಡಿದ್ದರೆ ಮುಗಿಯುವ ವಿಷಯ. ಆದರೆ ಮಾತಿಗೆ ಮಾತು ಬೆಳೆದು, ಸೋತವರು ಬೀದಿಯನ್ನೇ ಬಿಟ್ಟು ಹೋಗಬೇಕು ಅಂತ ಇಬ್ಬರೂ ಮೈದಾನದ ಕಚೇರಿಯಲ್ಲಿ ಬರೆದುಕೊಟ್ಟು ಬಂದಿದ್ದರು. ಹಾಗೆ ಬರೆದುಕೊಟ್ಟದ್ದನ್ನು ವಾಪಸು ಪಡೆಯುವ ಹಾಗಿಲ್ಲ.

ಮೊದಲ ದಿನವೇ ನನಗೆ ಇಬ್ಬರ ಮೈಯೂ ಅರ್ಥವಾಯಿತು. ಮೂವತ್ತು ವರ್ಷ ಹಿಟ್ಟು ನಾದಿದ ಕೆಂಪನಂಜಮ್ಮನ ಮುಂಗೈ ಕಬ್ಬಿಣ. ತೊಡೆಯ ಕೀಲು ಮಾತ್ರ ತುಕ್ಕು ಹಿಡಿದ ಬಾಗಿಲು. ಹಾಲಪ್ಪ ಏಳು ಕಿಲೋ ತೂಕದ ಹಿತ್ತಾಳೆ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ದಿನವಿಡೀ ಒಂದೇ ಕಡೆ ಬಾಗಿ ತಿರುಗಿದವನು. ಅವನ ಬೆನ್ನಿನ ಬಲಗಡೆಯ ಸ್ನಾಯು ಹಗ್ಗದ ಹಾಗೆ ಉಬ್ಬಿತ್ತು, ಎಡಗಡೆ ಚಪ್ಪಟೆ. ಇಬ್ಬರಿಗೂ ಬೇರೆಬೇರೆ ವ್ಯಾಯಾಮ ಹೇಳಿಕೊಟ್ಟೆ. ಅವಳಿಗೆ ನೆಲದ ಮೇಲೆ ಕೂತು ಮಂಡಿಗಳನ್ನು ಆ ಕಡೆ ಈ ಕಡೆ ಹೊರಳಿಸುವುದು, ಅಂಗಾತ ಮಲಗಿ ಸೊಂಟ ಎತ್ತುವುದು. ಅವನಿಗೆ ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈಯೆತ್ತಿ ನಿಲ್ಲಿಸುವುದು, ಮತ್ತು ಎಲ್ಲದಕ್ಕಿಂತ ಮುಖ್ಯವಾಗಿ, ಪೂರ್ತಿ ಬೀಸದೆ ಅರ್ಧ ಬೀಸಿನಲ್ಲಿ ಹೊಡೆಯುವುದು.

"ಅರ್ಧ ಬೀಸಾ?" ಅಂದ ಹಾಲಪ್ಪ. "ನಾನೇನು ನೊಣ ಓಡಿಸ್ತಿದ್ದೀನಾ ಮೇಡಂ?"

"ನಿಮ್ಮ ಸೊಂಟ ಪೂರ್ತಿ ಬೀಸು ತಡೆಯಲ್ಲ."

"ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ್ದೀನಿ. ಒಂದು ದಿನ ಮಲಗಿದ್ದಿಲ್ಲ."

"ಅದಕ್ಕೇ ಹೇಳ್ತಿರೋದು," ಅಂದೆ. ಅವನು ತಲೆಯಾಡಿಸಿ ಹೊರಗೆ ಹೋಗಿ ಪೂರ್ತಿ ಬೀಸಿ ಹೊಡೆದ.

ಕೆಂಪನಂಜಮ್ಮ ಬೇರೆ ಥರದ ತಲೆನೋವು. ಎರಡು ಸಲ ಸೊಂಟ ಎತ್ತುವುದು, ನಾಲ್ಕು ಸಲ ಗಡಿಯಾರ ನೋಡುವುದು. "ಮೇಡಂ, ಒಲೆ ಮೇಲೆ ರಸ್ಕ್ ಇಟ್ಟು ಬಂದಿದ್ದೀನಿ." ರಸ್ಕನ್ನು ಯಾರು ಒಲೆ ಮೇಲೆ ಇಡುತ್ತಾರೆ? ಐದನೇ ದಿನ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ಅದೇ ಸಂಜೆ ಹಾಲಪ್ಪ, ನಾನು ಕೊಡದೇ ಇದ್ದ ಸೀರೆಯೊಂದನ್ನು ನಮ್ಮನೆಯ ಹಗ್ಗದಿಂದ ತೆಗೆದುಕೊಂಡು ಹೋಗಿ ಇಸ್ತ್ರಿ ಮಾಡಿ ತಂದುಕೊಟ್ಟ. ಬಿಸ್ಕತ್ತನ್ನು ಹಾಲಪ್ಪನಿಗೆ ತಿನ್ನಿಸಿದೆ. ಸೀರೆಯನ್ನು ನೀರಿಗೆ ಅದ್ದಿ ಮತ್ತೆ ಹಗ್ಗಕ್ಕೆ ಹಾಕಿದೆ. ಇಬ್ಬರಿಗೂ ಅರ್ಥವಾದ ಹಾಗೆ ಕಾಣಲಿಲ್ಲ.

ಹತ್ತನೇ ದಿನದ ಹೊತ್ತಿಗೆ ಕೆಂಪನಂಜಮ್ಮನಲ್ಲಿ ಏನೋ ಬದಲಾಯಿತು. ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯದೆ ಎದ್ದಳಂತೆ. "ಹನ್ನೊಂದು ವರ್ಷ ಆಗಿತ್ತು ಮೇಡಂ," ಅಂದಳು, ಯಾರೋ ಮೋಸ ಮಾಡಿದ್ದಾರೆ ಅನ್ನುವ ದನಿಯಲ್ಲಿ. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಹತ್ತು ಸಲ ಅಂದರೆ ಹದಿನೈದು ಮಾಡುವಳು. ಒಂಟಿ ಕಾಲಲ್ಲಿ ನಿಂತು ನೂರು ಎಣಿಸುವಳು. ಬೇಕರಿಯ ಮುಂದೆ ಗಿರಾಕಿಗಳು ಕಾಯುತ್ತಿರುವಾಗಲೂ ಕೋಲನ್ನು ಹೆಗಲ ಮೇಲೆ ಅಡ್ಡವಿಟ್ಟು ಬೆನ್ನು ತಿರುಗಿಸುವಳು. ಮೂವತ್ತನೇ ದಿನಕ್ಕೆ ಅವಳ ಚೆಂಡು ಮೂರನೇ ಕುಳಿಯ ದಾರಿಯ ಹುಣಸೆಮರ ದಾಟುತ್ತಿತ್ತು. ನಲವತ್ತನೇ ದಿನ ಪರೀಕ್ಷೆ ಮಾಡಿದಾಗ, ನಿಜ ಹೇಳುತ್ತೇನೆ, ಆ ವಯಸ್ಸಿನಲ್ಲಿ ಅಷ್ಟು ಗಟ್ಟಿಯಾದ ಮೈಯನ್ನು ನಾನು ಆವರೆಗೆ ನೋಡಿರಲಿಲ್ಲ.

ಹಾಲಪ್ಪನೂ ಬಂದ. ನಗುತ್ತಲೇ ಬಂದ. ಬಗ್ಗಿದ, ತಿರುಗಿದ, ಕೈಯೆತ್ತಿದ. ಎಲ್ಲ ಸರಿಯಿದೆ ಅನ್ನಿಸುವ ಹಾಗೆ ಮಾಡಿದ. ಆದರೆ ಬಲಗಾಲಿನ ಚಪ್ಪಲಿಯ ತುದಿ ಸವೆದು ಬಾಯಿ ಬಿಟ್ಟಿತ್ತು, ಎಡಗಾಲಿನದು ಹೊಸದರಂತಿತ್ತು. ಕಾಲು ಎಳೆದು ನಡೆಯುವವರ ಚಪ್ಪಲಿ ಹಾಗೆ ಸವೆಯುತ್ತದೆ.

"ಚಪ್ಪಲಿ ಬಿಡಿ. ಮುಂಗಾಲು ಎತ್ತಿ, ಹಿಮ್ಮಡಿ ಮೇಲೆ ನಡೀರಿ," ಅಂದೆ.

"ಅದು ಯಾವ ಆಟ ಮೇಡಂ?"

"ನಡೀರಿ."

ಮೂರು ಹೆಜ್ಜೆ ಇಟ್ಟ. ಎಡ ಪಾದ ಎತ್ತಿಯೇ ಇತ್ತು. ಬಲ ಪಾದ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬಿತ್ತು. ಮತ್ತೆ ಎತ್ತಲು ನೋಡಿದ. ಹಣೆಯ ಮೇಲೆ ಬೆವರು ಬಂತು. ಪಾದ ಏಳಲಿಲ್ಲ.

"ಎಷ್ಟು ದಿನ ಆಯ್ತು?"

ಅವನು ಗೋಡೆ ಕಡೆ ನೋಡುತ್ತ, "ಮೊದಲು ತೊಡೆ ಹಿಂದೆ ಜುಂ ಅಂತಿತ್ತು. ಈಗ ಹತ್ತು ದಿನದಿಂದ ಹೆಬ್ಬೆರಳು ಗೊತ್ತಾಗಲ್ಲ," ಅಂದ.

ಕೈಯಲ್ಲಿದ್ದ ಪೆನ್ನನ್ನು ಎಸೆಯುವಷ್ಟು ಸಿಟ್ಟು ಬಂತು. "ದಿನಾ ಕೇಳಿದ್ನಲ್ಲ ನೋವಿದೆಯಾ ಅಂತ? ದಿನಾ ಇಲ್ಲ ಅಂದ್ರಲ್ಲ?"

"ನೋವಿಲ್ಲ ಮೇಡಂ. ಜುಂ ಅಂತಷ್ಟೇ. ನೀವು ನೋವು ಕೇಳಿದ್ರಿ."

ಇಂಥವರನ್ನು ಏನು ಮಾಡಬೇಕು? ಬೆನ್ನಿನ ನರ ಒತ್ತಿಕೊಂಡಿದೆ, ಈಗ ಒಂಬತ್ತು ಕುಳಿ ಬೀಸಿ ಆಡಿದರೆ ಆ ಪಾದ ಮತ್ತೆ ಏಳದೇ ಹೋಗಬಹುದು, ನಾನು ರುಜು ಹಾಕುವುದಿಲ್ಲ ಅಂದೆ. ಹಾಲಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ನಮ್ಮ ನಿಯಮ ಅವನಿಗೂ ಗೊತ್ತು. ಒಬ್ಬರಿಗೆ ರುಜು ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ, ಸಿಗದವರು ಆಡದೆಯೇ ಸೋತ ಹಾಗೆ. ಇಬ್ಬರಿಗೂ ಸಿಗದಿದ್ದರೆ ಮಾತ್ರ ಆಟ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ.

"ನನ್ನ ಕಾಲು, ನನ್ನ ಇಷ್ಟ," ಅಂದ. "ಬರೆದುಕೊಡ್ತೀನಿ, ಏನಾದ್ರೂ ಆದ್ರೆ ನಾನೇ ಹೊಣೆ ಅಂತ."

ಆಗ ನಾನು ಮರಿಗೌಡ ಮೇಷ್ಟ್ರ ಹೆಸರು ಹೇಳಿದೆ. ಊರಿನಲ್ಲಿ ಅವರನ್ನು ನೋಡದವರಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವರೂ ಹೀಗೇ ಬರೆದುಕೊಡುತ್ತೇನೆ ಅಂದಿದ್ದರು. ನಾನು ಕರಗಿ ರುಜು ಹಾಕಿದ್ದೆ. ಆರನೇ ಕುಳಿಯ ಹತ್ತಿರ ಬಿದ್ದವರು ಆಮೇಲೆ ತಮ್ಮ ಚಪ್ಪಲಿಯ ಪಟ್ಟಿಯನ್ನು ತಾವೇ ಕಟ್ಟಿಕೊಂಡದ್ದಿಲ್ಲ. ಅವರು ನನ್ನನ್ನು ಒಂದು ದಿನವೂ ಬೈದಿಲ್ಲ. ದಿನಾ ಸಂಜೆ ಕೋಲೂರಿಕೊಂಡು ಹೋಗುವಾಗ ನಮಸ್ಕಾರ ಮಾಡುತ್ತಾರೆ. ಆ ನಮಸ್ಕಾರವನ್ನು ಇನ್ನೊಬ್ಬರಿಂದ ತಗೊಳ್ಳುವ ಶಕ್ತಿ ನನಗಿಲ್ಲ ಅಂದೆ. ಹಾಲಪ್ಪ ಎದ್ದು, ಬಲಗಾಲು ಎಳೆಯುತ್ತ ಹೋದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು. ಹೂವಿನವಳು ನನಗೆ ಹೂ ಕೊಡಲಿಲ್ಲ. ಇಪ್ಪತ್ತೇಳು ವರ್ಷದ ಅಂಗಡಿಯನ್ನು ಒಂದು ಕಾಲು ಎತ್ತಿಸಿ ಮುಚ್ಚಿಸಿದಳು ಅಂತ ಯಾರೋ ನನಗೆ ಕೇಳುವ ಹಾಗೇ ಅಂದರು. ಇವರ ಪೈಕಿ ಒಬ್ಬರಾದರೂ ಹಾಲಪ್ಪನಿಗೆ, ಅರ್ಧ ಬೀಸಿನಲ್ಲಿ ಹೊಡೆಯಯ್ಯಾ ಅಂತ ಒಂದು ದಿನ ಹೇಳಿದ್ದರೆ!

ನಾಲ್ಕು ಗಂಟೆಗೆ ಕೆಂಪನಂಜಮ್ಮ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಕುಣಿದಾಡಿಕೊಂಡು ಬರುತ್ತಾಳೆ ಅಂದುಕೊಂಡಿದ್ದೆ. ಮುಖ ಕೆಂಪಾಗಿತ್ತು.

"ನನಗೂ ರುಜು ಹಾಕ್ಬೇಡಿ," ಅಂದಳು.

"ನೀವು ಚೆನ್ನಾಗಿದ್ದೀರಲ್ಲ."

"ಚೆನ್ನಾಗಿಲ್ಲ ಅಂತ ಬರೀರಿ. ತಲೆ ಸುತ್ತುತ್ತೆ ಅಂತ ಬರೀರಿ. ಏನಾದ್ರೂ ಬರೀರಿ."

"ಗೆದ್ದಿದ್ದೀರಿ ಕೆಂಪನಂಜಮ್ಮ. ಮನೆಗೆ ಹೋಗಿ."

"ಗೆದ್ದಿದ್ದೀನಾ?" ಅವಳ ದನಿ ಏರಿತು. "ನಲವತ್ತು ದಿನ ನೆಲದ ಮೇಲೆ ಹೊರಳಾಡಿಸಿದ್ದು ಇದಕ್ಕಾ? ಅವನು ನನ್ನ ಎದುರಿಗೆ ಚೆಂಡು ಹೊಡೆದು ಸೋಲ್ಬೇಕು. ಸೋತ ಮುಖ ನಾನು ನೋಡ್ಬೇಕು. ಕಾಲು ಎಳ್ಕೊಂಡು ಸಾಮಾನು ಕಟ್ಟೋ ಮುಖ ನೋಡಿ ನಾನೇನು ಮಾಡ್ಲಿ? ನಾಳೆಯಿಂದ ಯಾರು ನನ್ನ ಹತ್ರ ಬನ್ನು ತಗೊಳ್ತಾರೆ? ನಾನೇ ತಗೊಳ್ಳಲ್ಲ!"

ಸುಳ್ಳು ಬರೆಯುವುದಿಲ್ಲ ಅಂದೆ. ಇಲ್ಲದ ಆರೋಗ್ಯವನ್ನು ಇದೆ ಅಂತ ಒಂದು ಸಲ ಬರೆದು ಅನುಭವಿಸಿದ್ದೇನೆ, ಇಲ್ಲದ ರೋಗವನ್ನೂ ಬರೆಯಲಾರೆ ಅಂದೆ. ಅವಳು ನನ್ನನ್ನು ಹುಳು ನೋಡಿದ ಹಾಗೆ ನೋಡಿ, "ಯಾವಾಗ ಕೊಡ್ಬೇಕು ಕಾಗದ?" ಅಂತ ಕೇಳಿದಳು. ನಾಳೆ ಬೆಳಿಗ್ಗೆ ಹತ್ತಕ್ಕೆ ಅಂದೆ. ಅಷ್ಟು ಕೇಳಿಕೊಂಡು ಹೋದಳು. ಯಾಕೆ ಕೇಳಿದಳು ಅಂತ ನನಗೆ ಹೊಳೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ತಾಲೀಮು ಮನೆಯ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ತುಟಿ ಬೆಳ್ಳಗಾಗಿತ್ತು, ಕಣ್ಣಿನಲ್ಲಿ ಮಾತ್ರ ಹಬ್ಬ.

"ಈಗ ನೋಡಿ," ಅಂದಳು.

ಮೊಣಕೈಯ ಒಳಮೂಳೆಯ ಹತ್ತಿರ ಬೆರಳಿಟ್ಟ ಕೂಡಲೇ ಕಿರುಚಿದಳು. ಊದಿಕೊಂಡಿತ್ತು, ಸುಡುತ್ತಿತ್ತು. ಮುಷ್ಟಿ ಹಿಡಿಯಿರಿ ಅಂದರೆ ಬೆರಳುಗಳು ಅರ್ಧಕ್ಕೆ ನಿಂತವು. ಬಾಗಿಲ ಪಕ್ಕದಲ್ಲಿದ್ದ ನೀರಿನ ಚೊಂಬನ್ನೂ ಎತ್ತಲಾಗಲಿಲ್ಲ.

"ಏನು ಮಾಡಿದ್ರಿ?"

"ನೀವು ಏನೇನು ಬೇಡ ಅಂದಿದ್ರೋ ಅದನ್ನೆಲ್ಲ ಒಂದೂ ಬಿಡದೆ ಮಾಡಿದೆ," ಅಂದಳು. "ಬೆಳಗಿನ ಚಳೀಲಿ ಎದ್ದವಳೇ ಹೋದೆ. ಮೈ ಬಿಸಿ ಮಾಡ್ಲಿಲ್ಲ. ನೀವು ಗಟ್ಟಿ ನೆಲದ ಮೇಲೆ ಹೊಡೀಬೇಡಿ ಅಂದಿದ್ರಲ್ಲ, ಬತ್ತಿದ ಕೆರೆಯಂಗಳಕ್ಕೆ ಹೋದೆ. ಹಾವು ಹಿಡಿದ ಹಾಗೆ ಹಿಡೀಬೇಡಿ ಅಂದ್ರಿ, ಹಾವೇ ಅಂದ್ಕೊಂಡು ಹಿಡಿದೆ. ಚೆಂಡಿನ ಹಿಂದಿನ ನೆಲಕ್ಕೇ ಬಡಿದೆ. ನೂರಾಗೋವರೆಗೂ ಏನೂ ಆಗ್ಲಿಲ್ಲ ಮೇಡಂ. ಎಂಥಾ ಗಟ್ಟಿ ಮಾಡಿಟ್ಟಿದ್ದೀರಿ ನನ್ನ! ಅಳು ಬಂತು. ನೂರಾ ನಲವತ್ತಕ್ಕೆ ಟಕ್ ಅಂತು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹದಿನಾಲ್ಕು ವರ್ಷದಲ್ಲಿ ನನ್ನ ಪಾಠವನ್ನು ಒಂದಕ್ಷರ ಬಿಡದೆ ಕಲಿತ ಒಬ್ಬಳೇ ಶಿಷ್ಯೆ, ಅದನ್ನು ಪೂರ್ತಿ ತಲೆಕೆಳಗು ಮಾಡಿ ನನಗೆ ಒಪ್ಪಿಸಿದ್ದಳು. ಎರಡು ತಿಂಗಳು ಹಿಟ್ಟು ಮುಟ್ಟುವ ಹಾಗಿಲ್ಲ ಗೊತ್ತಾ ಅಂದೆ. ಆಳುಗಳಿದ್ದಾರೆ ಅಂದಳು. ಮತ್ತೆ ಪೂರ್ತಿ ವಾಸಿಯಾಗದೇ ಇರಬಹುದು ಅಂದೆ. ಊದಿದ ಮೊಣಕೈಯನ್ನು ನೋಡಿಕೊಂಡು, "ಅದನ್ನ ನಿನ್ನೆ ಹೇಳ್ಬೇಕಿತ್ತು," ಅಂದಳು. ಆಮೇಲೆ, "ಹೇಳಿದ್ರೂ ಕೇಳ್ತಿರಲಿಲ್ಲ ಬಿಡಿ," ಅಂದಳು.

ಹತ್ತು ಗಂಟೆಗೆ ಎರಡು ಕಾಗದ ಹಿಡಿದು ಮೈದಾನದ ಕಚೇರಿಗೆ ಹೋದೆ. ಯಜಮಾನರಾದ ದಸ್ತಗೀರ್ ಸಾಹೇಬರು ಕನ್ನಡಕ ಏರಿಸಿ ಎರಡನ್ನೂ ಓದಿದರು. "ನಿನ್ನೆವರೆಗೆ ಚೆನ್ನಾಗಿದ್ದ ಹೆಂಗಸಿಗೆ ಇವತ್ತು ಏನಾಯ್ತಮ್ಮ?" ಅಂತ ಕೇಳಿದರು. ಮೊಣಕೈ ಊದಿದೆ, ಬೇಕಾದರೆ ಮುಟ್ಟಿ ನೋಡಿ ಅಂದೆ. "ಹೇಗಾಯ್ತು?" ಅಂದರು. ಹೇಗಾಯಿತು ಅಂತ ಬರೆಯಲು ಕಾಗದದಲ್ಲಿ ಜಾಗವಿಲ್ಲ ಅಂದೆ. ಅವರು ಎರಡೂ ಕಾಗದವನ್ನು ಮಡಿಸಿಟ್ಟು, ಆಟವನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು.

ಆ ಮೂರು ತಿಂಗಳಿಗೆ ನನ್ನ ಆಯುಷ್ಯದಲ್ಲಿ ಮೂರು ವರ್ಷ ಕಡಿಮೆಯಾಗಿರಬೇಕು. ಹಾಲಪ್ಪನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರೂ ನರ ಒತ್ತಿದೆ ಅಂತಲೇ ಹೇಳಿ, ಎರಡು ವಾರ ಇಸ್ತ್ರಿಪೆಟ್ಟಿಗೆ ಮುಟ್ಟಬಾರದು, ಆಮೇಲೆ ತಾಲೀಮು ಅಂದರು. ಕೆಂಪನಂಜಮ್ಮನಿಗೆ ಮೊದಲು ಬರೀ ವಿಶ್ರಾಂತಿ, ನಂತರ ಅರ್ಧ ಕಿಲೋ ಅಕ್ಕಿ ಗಂಟನ್ನು ಮಣಿಕಟ್ಟಿನಿಂದ ಮೆಲ್ಲಗೆ ಇಳಿಸುವುದು. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಹಾಗಿರಲಿಲ್ಲ. ಬೇರೆಬೇರೆ ಕೂರಿಸಿದರೆ, ಅವರಿಗೆ ಎಷ್ಟು ಹೇಳಿಕೊಟ್ರಿ ಅಂತ ನನ್ನ ತಲೆ ತಿನ್ನುವರು. ಕೊನೆಗೆ ಒಟ್ಟಿಗೇ ಕೂರಿಸಿದೆ. ಅವಳ ಕೈ ಹೇಗೆ ಹೋಯಿತು ಅಂತ ಹಾಲಪ್ಪನಿಗೆ ಬೀದಿಯವರೇ ಹೇಳಿದ್ದರು. ಮೊದಲ ದಿನ ಅವನು ಅವಳ ಮೊಣಕೈ ನೋಡಿ, "ನಿನಗೆ ಬುದ್ಧಿ ಇದೆಯೇನಮ್ಮ?" ಅಂದ. "ಬುದ್ಧಿ ಇದ್ದವನು ಹತ್ತು ದಿನ ಹೆಬ್ಬೆರಳು ಇಲ್ಲದೆ ಓಡಾಡ್ತಾನೇನಣ್ಣ?" ಅಂದಳು. ಅದರ ಮೇಲೆ ಇಬ್ಬರೂ ಒಂದು ವಾರ ಮಾತಾಡಲಿಲ್ಲ. ಆದರೆ ಹಾಲಪ್ಪ ಬದಲಾದ. ಹೇಳಿದಷ್ಟನ್ನೇ, ಹೇಳಿದ ಹಾಗೇ ಮಾಡಿದ. ಎರಡನೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಅವನ ಬಲಪಾದ ನೆಲ ಬಿಟ್ಟು ಎದ್ದಿತು. ಅವನು ಅದನ್ನೇ ನೋಡುತ್ತ ನಿಂತ. ಹಿಮ್ಮಡಿ ಮೇಲೆ ನಲವತ್ತು ಹೆಜ್ಜೆ ನಡೆಸಿ, ಕೊನೆಗೆ ಇಬ್ಬರಿಗೂ ರುಜು ಹಾಕಿದೆ. ಹಾಲಪ್ಪನಿಂದ ಒಂದು ಮಾತು ತೆಗೆದುಕೊಂಡೆ: ಒಂಬತ್ತೂ ಕುಳಿ ಅರ್ಧ ಬೀಸು. ಒಂದೇ ಒಂದು ಪೂರ್ತಿ ಬೀಸಿದರೂ ನರ ಮತ್ತೆ ಸಿಕ್ಕಿಕೊಳ್ಳಬಹುದು.

ಆಟದ ದಿನ ಬಿಸಿಲಿತ್ತು. ಊರೇ ಸೇರಿತ್ತು. ಇಬ್ಬರೂ ಹನ್ನೆರಡು ನಿಮಿಷ ಮೈ ಬಿಸಿ ಮಾಡಿಕೊಂಡರು. ಜನ ನಕ್ಕರು, ಅವರು ತಿರುಗಿಯೂ ನೋಡಲಿಲ್ಲ. ಕೆಂಪನಂಜಮ್ಮನ ಮೊಣಕೈ ಪೂರ್ತಿ ಸರಿಹೋಗಿರಲಿಲ್ಲ, ಪ್ರತಿ ಏಟಿಗೂ ಹಲ್ಲು ಕಚ್ಚುತ್ತಿದ್ದಳು. ಆದರೂ ಮೂರನೇ ಕುಳಿಯಲ್ಲಿ ಹುಣಸೆಮರದ ಮೇಲಿಂದ ಹೊಡೆದು ಎರಡು ಏಟು ಮುಂದೆ ಹೋದಳು. ಹಾಲಪ್ಪ ಅರ್ಧ ಬೀಸಿನಲ್ಲೇ ಸಣ್ಣ ಸಣ್ಣ ಏಟು ಹೊಡೆದು, ಚೆಂಡನ್ನು ಎಲ್ಲೂ ಕಳೆಯದೆ, ಎಂಟನೇ ಕುಳಿಯ ಹೊತ್ತಿಗೆ ಒಂದೇ ಏಟಿನಷ್ಟು ಹಿಂದಿದ್ದ. ಒಂಬತ್ತನೆಯದನ್ನು ಅವಳು ಐದು ಏಟಿನಲ್ಲಿ ಮುಗಿಸಿದಳು. ಅವನು ಎರಡು ಏಟು ಹೊಡೆದಿದ್ದ. ಅವನ ಚೆಂಡು ಹಳ್ಳದ ಈಚೆ ದಡದಲ್ಲಿ, ಕುಳಿ ಆಚೆ ದಡದಲ್ಲಿ. ಪೂರ್ತಿ ಬೀಸಿ ಹೊಡೆದರೆ ಕುಳಿಯ ಪಕ್ಕಕ್ಕೇ ಹೋಗಿ ಬೀಳುತ್ತಿತ್ತು. ಇನ್ನೊಂದು ಏಟಿಗೆ ಸಮ ಆಗುತ್ತಿತ್ತು, ಆಟ ಮತ್ತೆ ಮೊದಲಿನಿಂದ. ಅರ್ಧ ಬೀಸಿದರೆ ಪಕ್ಕದ ಕಲ್ಲುಸೇತುವೆ ದಾಟಿಸಿಕೊಂಡು ಸುತ್ತಿ ಬರಬೇಕು.

ಅವನು ಕೋಲು ಹಿಡಿದು ನಿಂತ. ನನ್ನ ಕಡೆ ತಿರುಗಿ ನೋಡಿದ. ಜನ "ಹೊಡಿ ಹಾಲಪ್ಪಾ, ಬೀಸಿ ಹೊಡಿ" ಅಂತ ಕೂಗುತ್ತಿದ್ದರು. ನನಗೆ ಹೊಡೆಯಿರಿ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಅವನು ಚೆಂಡಿನ ಕಡೆ ನೋಡಿದ, ತನ್ನ ಬಲಪಾದದ ಕಡೆ ನೋಡಿದ, ಸೇತುವೆಯ ಕಡೆ ತಿರುಗಿ ಅರ್ಧ ಬೀಸಿದ. ಎರಡು ಏಟಿನಿಂದ ಸೋತ.

ಹದಿನಾಲ್ಕು ವರ್ಷ ನನ್ನ ಮಾತು ಯಾರೂ ಕೇಳುವುದಿಲ್ಲ ಅಂತ ಗೊಣಗಿದ್ದೇನೆ. ಕೇಳಿದವನು ಅದಕ್ಕಾಗಿ ಬೀದಿ ಬಿಟ್ಟ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಹದಿನೈದನೇ ದಿನ ಹಾಲಪ್ಪ ಅಂಗಡಿ ಖಾಲಿ ಮಾಡಿದ. ಸಂತೆಮಾಳದ ಹಿಂದಿನ ಓಣಿಯಲ್ಲಿ ಒಂದು ಮಳಿಗೆ ಸಿಕ್ಕಿತ್ತು. ಹೊನ್ನೆಮರದ ಇಸ್ತ್ರಿ ಮೇಜೊಂದನ್ನು ಬಿಟ್ಟು ಎಲ್ಲ ಗಾಡಿಗೆ ಏರಿತ್ತು. ಅದನ್ನು ಎತ್ತಲು ನಾಲ್ಕು ಜನವಾದರೂ ಬೇಕು. ನಾನು ಹೋಗುವ ಹೊತ್ತಿಗೆ ಕೆಂಪನಂಜಮ್ಮ ತನ್ನ ಬೇಕರಿಯ ಮೂವರು ಆಳುಗಳನ್ನು ಕರೆದುಕೊಂಡು ಬಂದು ಮೇಜಿನ ಒಂದು ಮೂಲೆಯಲ್ಲಿ ತಾನೂ ನಿಂತಿದ್ದಳು.

"ಮೂರನೇ ಕುಳೀಲಿ ಹೊಡೆದೆಯಲ್ಲಮ್ಮ," ಅಂದ ಹಾಲಪ್ಪ, "ಚೆನ್ನಾಗಿತ್ತು."

"ಗೊತ್ತು," ಅಂದಳು. ಬಲ ಮೊಣಕೈಯನ್ನು ಸವರಿಕೊಳ್ಳುತ್ತ, "ಕೊನೇದು ನೀನು ಬೀಸಿದ್ರೆ ನಾನು ಇನ್ನೊಂದು ಆಟ ಆಡೋ ಹಾಗಿರಲಿಲ್ಲ ಅಣ್ಣ. ಕೈ ಹೋಗಿತ್ತು," ಅಂದಳು.

"ಗೊತ್ತಾಗಿತ್ತು," ಅಂದ ಅವನು.

ಅವಳು ಅವನ ಮುಖ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಿಂದ ಮೇಜಿನ ಅಂಚು ಹಿಡಿದಳು. ನಾಲ್ವರೂ ಸೊಂಟದಿಂದ ಬಗ್ಗಿದ್ದರು. "ಮಂಡಿ ಮಡಿಸ್ರೋ!" ಅಂತ ಬೀದಿಯೆಲ್ಲ ಬೆಚ್ಚುವ ಹಾಗೆ ಕಿರುಚಿದೆ. "ಬೆನ್ನು ನೆಟ್ಟಗೆ! ಮಂಡಿ ಮಡಿಸಿ!" ನಾಲ್ವರೂ ಒಮ್ಮೆಲೇ ಮಂಡಿ ಮಡಿಸಿದರು. ಮೇಜು ನೆಲ ಬಿಟ್ಟು ಎದ್ದಿತು. ಹಾಲಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಪಕ್ಕದಲ್ಲಿ ನಡೆದು ಹೋದ.